ಬೆಳೆ ಪರಿಹಾರ: ಒಂದು ಹೊಲಕ್ಕೆ ಅರ್ಧ, ಒಂದಕ್ಕೆ ಸೊನ್ನೆ, ಇನ್ನೊಂದಕ್ಕೆ ‘ಪಾವತಿಯಾಗಿದೆ’ ಅಂತಿದೆ ಆದರೆ ಪಾಸ್‌ಬುಕ್‌ನಲ್ಲಿಲ್ಲ (ಮಾನ್ವಿ ತಾಲೂಕು)

ಎರೆಹೊಲ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ್ರಿ. 2025ರ ಮುಂಗಾರಿನ ಅತಿವೃಷ್ಟಿ ಪರಿಹಾರದ ಬಗ್ಗೆ ಕೇಳೋದಿತ್ತು. ನಾಲ್ಕು ತುಂಡು ಜಮೀನು, ನಾಲ್ಕಕ್ಕೂ ಬೇರೆ ಬೇರೆ ತಕರಾರು. ಸಾಧ್ಯವಾದಷ್ಟು ಅಂಕಿ ಸಮೇತ ಬರೀತೀನಿ.

ಒಂದು: ಅಪ್ಪನ ಹೆಸರಿನ 3 ಎಕರೆ 20 ಗುಂಟೆ. ಹತ್ತಿ, ಬೋರ್‌ವೆಲ್ ನೀರು. ಜಮಾ ಆದದ್ದು 12,039 ರೂಪಾಯಿ. ಬದುವಿನ ಆಚೆಯವರದೂ ಅಷ್ಟೇ ಜಮೀನು, ಅದೇ ಹತ್ತಿ. ಅವರಿಗೆ 24,079 ಬಂದಿದೆಯಂತೆ.

ಎರಡು: 2 ಎಕರೆ 30 ಗುಂಟೆ ತೊಗರಿ. ಪಹಣಿ ಇನ್ನೂ ತಾತನ ಹೆಸರಲ್ಲೇ ಇದೆ, ತಾತ ತೀರಿಕೊಂಡು ಆರು ವರ್ಷ. ವಾರಸುದಾರರು ಅಪ್ಪ ಮತ್ತು ಇಬ್ಬರು ಕಾಕಾಂದಿರು. ಇದಕ್ಕೆ ಒಂದು ರೂಪಾಯಿಯೂ ಬಂದಿಲ್ಲ.

ಮೂರು: ಅವ್ವನ ಹೆಸರಿನ 1 ಎಕರೆ ಸಜ್ಜೆ. ಆನ್‌ಲೈನ್‌ನಲ್ಲಿ 3,440 ರೂಪಾಯಿ ಪಾವತಿಯಾಗಿದೆ ಅಂತ ತೋರಿಸುತ್ತದೆ. ಪಾಸ್‌ಬುಕ್ ಎಂಟ್ರಿ ಮಾಡಿಸಿದರೆ ಏನೂ ಇಲ್ಲ.

ನಾಲ್ಕು: ಸಿಂಧನೂರು ಕಡೆ 4 ಎಕರೆ ಲಾವಣಿ (ಗೇಣಿಗೆ ಹಿಡಿದದ್ದು), ಭತ್ತ. ಕೊಯ್ಲಿಗೆ ಬಂದಾಗ ಮಲಗಿತು. ಪರಿಹಾರ ಜಮೀನಿನ ಮಾಲೀಕರ ಖಾತೆಗೆ ಹೋಗಿದೆ.

ನಾಡಕಚೇರಿಗೆ ಹೋದರೆ ತಾಲೂಕು ಕಚೇರಿ ಅಂತಾರೆ, ಅಲ್ಲಿ ಹೋದರೆ ರೈತ ಸಂಪರ್ಕ ಕೇಂದ್ರ ಅಂತಾರೆ, ಅಲ್ಲಿ ಬ್ಯಾಂಕ್ ಅಂತಾರೆ. ಯಾವ ತಕರಾರಿಗೆ ಯಾವ ಬಾಗಿಲು?

ಕಲಂ ಹನ್ನೆರಡು

ಅಣ್ಣಾರೆ, ನಾಲ್ಕೂ ನಾಲ್ಕು ಕಡೆ ಸಿಕ್ಕಿಕೊಂಡಿವೆ, ಅದಕ್ಕೇ ಎಲ್ಲರೂ ಬೇರೆ ಬಾಗಿಲು ತೋರಿಸುತ್ತಿದ್ದಾರೆ. ನಾನು ಒಂದನೆಯದಕ್ಕೆ ಮಾತ್ರ ಹೇಳುತ್ತೇನೆ. ಉಳಿದದ್ದಕ್ಕೆ ಇಲ್ಲಿ ಗೊತ್ತಿರುವವರಿದ್ದಾರೆ.

ಯಾವ ಕಚೇರಿಗೂ ಹೋಗುವ ಮೊದಲು ಬಂದ ಹಣವನ್ನು ಹೆಕ್ಟೇರಿನಿಂದ ಭಾಗಿಸಿ ನೋಡಬೇಕು. ಎಕರೆಯನ್ನು 2.471ರಿಂದ ಭಾಗಿಸಿದರೆ ಹೆಕ್ಟೇರ್. ನಿಮ್ಮ 3 ಎಕರೆ 20 ಗುಂಟೆ ಅಂದರೆ 3.5 ಎಕರೆ, ಅಂದರೆ 1.4164 ಹೆಕ್ಟೇರ್. 12,039ನ್ನು 1.4164ರಿಂದ ಭಾಗಿಸಿದರೆ ಸರಿಯಾಗಿ 8,500 ಬರುತ್ತದೆ. ಈ 8,500 ಎಲ್ಲಿಂದ ಬಂತು ಅನ್ನೋದೇ ನಿಮ್ಮ ಪ್ರಶ್ನೆಯ ಉತ್ತರ.

ವಿಪತ್ತು ಪರಿಹಾರ ನಿಧಿಯ 2022-26ರ ಮಾರ್ಗಸೂಚಿಯಲ್ಲಿ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ. ಒಬ್ಬ ರೈತರಿಗೆ 2 ಹೆಕ್ಟೇರ್ ಮಿತಿ. ಇದರ ಮೇಲೆ 2025ರ ಮಳೆಹಾನಿಗೆ ರಾಜ್ಯ ಸರ್ಕಾರ ಮೂರೂ ವರ್ಗಕ್ಕೆ ಹೆಕ್ಟೇರಿಗೆ ಇನ್ನೂ 8,500 ಸೇರಿಸಿ ಕೊಡುವುದಾಗಿ ಸೆಪ್ಟೆಂಬರ್ ಕೊನೆಗೆ ಘೋಷಿಸಿತು. ಹಾಗಾಗಿ ಒಟ್ಟು ಮಳೆಯಾಶ್ರಿತ 17,000, ನೀರಾವರಿ 25,500, ಬಹುವಾರ್ಷಿಕ 31,000. ಎಕರೆ ಲೆಕ್ಕದಲ್ಲಿ ಸುಮಾರು 6,880, 10,320, 12,545.

ಈಗ ತಮಾಷೆ ನೋಡಿ. ಮೂಲ ಹಣ ಮತ್ತು ಹೆಚ್ಚುವರಿ ಹಣ ಬೇರೆ ಬೇರೆ ದಿನ ಜಮಾ ಆಗಬಹುದು. ಆಗ ನಿಮ್ಮ 12,039ಕ್ಕೆ ಎರಡು ಅರ್ಥ. ಒಂದೋ ನಿಮ್ಮ ಹೊಲ ಮಳೆಯಾಶ್ರಿತ ಅಂತ ದಾಖಲಾಗಿ ಮೂಲ ಹಣ ಮಾತ್ರ ಬಂದಿದೆ. ಇಲ್ಲವೇ ನೀರಾವರಿ ಅಂತ ಸರಿಯಾಗಿಯೇ ದಾಖಲಾಗಿದ್ದು, ಹೆಚ್ಚುವರಿ 8,500 ಮಾತ್ರ ಬಂದು ಮೂಲ 17,000 ಎಲ್ಲೋ ನಿಂತಿದೆ. ಪಕ್ಕದವರ 24,079ಕ್ಕೂ ಎರಡು ಅರ್ಥ: ನೀರಾವರಿಯ ಮೂಲ ಹಣ ಒಂದೇ ಸಲ ಬಂದಿರಬಹುದು, ಅಥವಾ ಮಳೆಯಾಶ್ರಿತದ ಎರಡೂ ಕಂತು ಕೂಡಿ ಅಷ್ಟಾಗಿರಬಹುದು. ಹಾಗಾಗಿ ಅವರ ಪಾಸ್‌ಬುಕ್‌ನಲ್ಲಿ ಒಂದು ಜಮಾ ಇದೆಯೋ, 12,039ರ ಎರಡು ಜಮಾ ಇವೆಯೋ ಕೇಳಿ. ಎರಡಿದ್ದರೆ ನಿಮಗೆ ಅನ್ಯಾಯ ಆಗಿದೆ ಅನ್ನೋದಕ್ಕೆ ಅವರ ಉದಾಹರಣೆ ಬರುವುದಿಲ್ಲ, ಅವರೂ ನಿಮ್ಮ ದೋಣಿಯಲ್ಲೇ ಇದ್ದಾರೆ.

ನಿಮ್ಮದು ಯಾವುದು ಅಂತ ತಿಳಿಯಲು ಎರಡು ಕಡೆ ನೋಡಿ. ಮೊದಲು ಭೂಮಿ ತಂತ್ರಾಂಶದ ‘ಪರಿಹಾರ’ ಪುಟ. ಆಧಾರ್, ಎಫ್‌ಐಡಿ (ರೈತರ ಗುರುತಿನ ಸಂಖ್ಯೆ), ಮೊಬೈಲ್ ಅಥವಾ ಸರ್ವೆ ನಂಬರ್ ಹಾಕಿ ನೋಡಬಹುದು. ವರ್ಷ 2025-26, ಋತು ಮುಂಗಾರು, ವಿಪತ್ತಿನ ವಿಧ ‘ಪ್ರವಾಹ’ ಆರಿಸಿ. ಬಹಳ ಜನ ಹಿಂದಿನ ನೆನಪಿನಲ್ಲಿ ‘ಬರ’ ಒತ್ತಿ, ಮಾಹಿತಿ ಇಲ್ಲ ಅಂತ ಬಂದ ಕೂಡಲೇ ಹೆಸರೇ ಸೇರಿಲ್ಲ ಅಂದುಕೊಳ್ಳುತ್ತಾರೆ. ಆಧಾರ್‌ಗಿಂತ ಸರ್ವೆ ನಂಬರ್ ಹಾಕಿ ನೋಡುವುದು ಒಳ್ಳೆಯದು. ನಿಮ್ಮ ಹೊಲ ಬೇರೊಬ್ಬರ ಆಧಾರ್‌ಗೆ ಅಂಟಿಕೊಂಡಿದ್ದರೆ ಅದೂ ಅಲ್ಲೇ ಗೊತ್ತಾಗುತ್ತದೆ.

ಆಮೇಲೆ ‘ಬೆಳೆ ದರ್ಶಕ’ ಆ್ಯಪ್. ವರ್ಷ, ಋತು, ಜಿಲ್ಲೆಯಿಂದ ಗ್ರಾಮದವರೆಗೆ ಆರಿಸಿ ಸರ್ವೆ ನಂಬರ್ ಹಾಕಿದರೆ ಸಮೀಕ್ಷೆಯಲ್ಲಿ ಯಾವ ಬೆಳೆ, ಎಷ್ಟು ವಿಸ್ತೀರ್ಣ, ಯಾವ ನೀರಿನ ಮೂಲ, ಯಾರು ಸಮೀಕ್ಷೆ ಮಾಡಿದರು, ಹೊಲದ ಫೋಟೋ, ಎಲ್ಲ ಬರುತ್ತದೆ. ಪಹಣಿಯಲ್ಲಿ ಜಮೀನು ಖುಷ್ಕಿ (ಒಣಭೂಮಿ) ಅಂತಿದ್ದರೂ ತೊಂದರೆ ಇಲ್ಲ, ಪರಿಹಾರಕ್ಕೆ ಲೆಕ್ಕಕ್ಕೆ ಬರುವುದು ಆ ಹಂಗಾಮಿನ ಸಮೀಕ್ಷೆಯಲ್ಲಿ ಬರೆದ ನೀರಿನ ಮೂಲ. ಅಲ್ಲಿ ‘ಮಳೆಯಾಶ್ರಿತ’ ಅಂತಿದ್ದರೆ ಕಾರಣ ಸಿಕ್ಕಿತು. ‘ಕೊಳವೆಬಾವಿ’ ಅಂತಿದ್ದರೆ ಮೂಲ ಹಣ ಬಾಕಿ ಇದೆ, ತಾಲೂಕು ಕಚೇರಿಯ ವಿಪತ್ತು ಶಾಖೆಯಲ್ಲಿ ಕೇಳಬೇಕು.

ಇನ್ನೊಂದು ಮಾತು, ಹಾನಿ ಶೇಕಡಾವಾರು ಬಗ್ಗೆ. ಶೇ 33ಕ್ಕಿಂತ ಕಡಿಮೆ ಬರೆದರೆ ಏನೂ ಇಲ್ಲ. 33 ದಾಟಿದರೆ 40 ಆದರೂ 95 ಆದರೂ ದರ ಒಂದೇ. ‘ಪೂರ್ತಿ ಹೋಗಿದೆ, ಅರ್ಧ ಕೊಟ್ಟಿದ್ದಾರೆ’ ಅಂತ ಅರ್ಜಿ ಬರೆಯುವವರು ಇದನ್ನು ಗಮನಿಸಬೇಕು. ನಿಮ್ಮ ಅರ್ಜಿಯಲ್ಲಿ ಹಾನಿಯ ಪ್ರಮಾಣದ ಬಗ್ಗೆ ಒಂದು ಸಾಲೂ ಬೇಡ, ನೀರಿನ ಮೂಲದ ಬಗ್ಗೆ ಮಾತ್ರ ಬರೆಯಿರಿ.

ಕೌಂಟರ್ ನಂಬರ್ 3

ಮೂರನೆಯದು, ಅವ್ವನ ಸಜ್ಜೆ ಹೊಲದ್ದು, ಬ್ಯಾಂಕಿನ ವಿಷಯ. ಹಣ ಬಂದಿದೆ, ನೀವು ನೋಡಿದ ಪಾಸ್‌ಬುಕ್ ಬೇರೆ.

ಪರಿಹಾರದ ಹಣ ಖಾತೆ ಸಂಖ್ಯೆ ನೋಡಿ ಬರುವುದಿಲ್ಲ, ಆಧಾರ್ ನೋಡಿ ಬರುತ್ತದೆ. ಬ್ಯಾಂಕುಗಳ ನಡುವಿನ ಪಾವತಿ ಜಾಲ ನಡೆಸುವ ಎನ್‌ಪಿಸಿಐ ಹತ್ತಿರ ಒಂದು ಪಟ್ಟಿ ಇರುತ್ತದೆ. ಅದರಲ್ಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕ್. ಕೊನೆಗೆ ಯಾವ ಬ್ಯಾಂಕ್ ಜೋಡಿಸಿತೋ ಅದೇ ಉಳಿಯುತ್ತದೆ, ಹಿಂದಿನದು ಸದ್ದಿಲ್ಲದೆ ಕಳಚಿಕೊಳ್ಳುತ್ತದೆ. ಹಳ್ಳಿಗಳಲ್ಲಿ ಸಾಮಾನ್ಯವಾಗಿ ಆಗುವುದು ಏನೆಂದರೆ, ಸಿಮ್ ತಗೊಳ್ಳುವಾಗಲೋ, ಸಂಘದ ಸಾಲಕ್ಕೆ ಬೆರಳಚ್ಚು ಕೊಡುವಾಗಲೋ ಹೊಸ ಖಾತೆಯೊಂದು ತೆರೆದುಕೊಂಡಿರುತ್ತದೆ, ಮನೆಯವರಿಗೆ ಅದು ಖಾತೆ ಅನ್ನೋದೇ ಗೊತ್ತಿರುವುದಿಲ್ಲ.

ಆಧಾರ್ ಕೊಡುವ ಯುಐಡಿಎಐ ಜಾಲತಾಣದಲ್ಲಿ ಅವ್ವನ ಆಧಾರ್ ಸಂಖ್ಯೆ ಮತ್ತು ಓಟಿಪಿ ಹಾಕಿ ‘ಬ್ಯಾಂಕ್ ಸೀಡಿಂಗ್ ಸ್ಥಿತಿ’ ನೋಡಿ. ಬ್ಯಾಂಕಿನ ಹೆಸರು, ಸಕ್ರಿಯವೋ ಅಲ್ಲವೋ, ಕೊನೆಗೆ ಬದಲಾದ ದಿನಾಂಕ ಬರುತ್ತದೆ. ಆಧಾರ್‌ಗೆ ಮೊಬೈಲ್ ಜೋಡಣೆ ಆಗಿರದಿದ್ದರೆ ಓಟಿಪಿ ಬರುವುದಿಲ್ಲ. ಆಗ ಯಾವುದಾದರೂ ಬ್ಯಾಂಕ್ ಮಿತ್ರರ ಹತ್ತಿರ ಬೆರಳಚ್ಚು ಕೊಟ್ಟು ಬ್ಯಾಲೆನ್ಸ್ ಕೇಳಿನೋಡಿ. ಖಾತೆ ಯಾವ ಬ್ಯಾಂಕಿನಲ್ಲಿರಬಹುದು ಅಂತ ಗುಮಾನಿ ಇದೆಯೋ ಆ ಬ್ಯಾಂಕ್ ಆರಿಸಬೇಕು.

ಬ್ಯಾಂಕ್ ಗೊತ್ತಾದರೂ ಮುಗಿಯಲಿಲ್ಲ. ಎನ್‌ಪಿಸಿಐ ಪಟ್ಟಿಯಲ್ಲಿ ಇರುವುದು ಬ್ಯಾಂಕ್ ಮಾತ್ರ. ಅದೇ ಬ್ಯಾಂಕಿನಲ್ಲಿ ಅವ್ವನಿಗೆ ಉಳಿತಾಯ ಖಾತೆ, ಕೆಸಿಸಿ (ಕಿಸಾನ್ ಕ್ರೆಡಿಟ್ ಕಾರ್ಡ್), ಜನಧನ್ ಅಂತ ಮೂರು ಖಾತೆ ಇದ್ದರೆ ಹಣ ಯಾವುದಕ್ಕೆ ಬೀಳಬೇಕು ಅನ್ನೋದನ್ನು ಬ್ಯಾಂಕಿನ ತಂತ್ರಾಂಶ ನಿರ್ಧರಿಸುತ್ತದೆ. ಹಾಗಾಗಿ ಎಲ್ಲ ಖಾತೆಗಳ ಎಂಟ್ರಿ ಹಾಕಿಸಿ. ಮುಂದಿನ ಸಲಕ್ಕೆ ಶಾಖೆಯಲ್ಲಿ, ‘ಡಿಬಿಟಿ (ಸರ್ಕಾರದ ನೇರ ಜಮಾ) ಹಣ ಈ ಖಾತೆಗೇ ಬರಬೇಕು’ ಅಂತ ಖಾತೆ ಸಂಖ್ಯೆ ಸಮೇತ ಬರೆದುಕೊಡಿ.

ಬ್ಯಾಂಕ್ ಬದಲಿಸಬೇಕೆಂದರೆ ಆಧಾರ್ ಸೀಡಿಂಗ್ ಸಮ್ಮತಿ ಪತ್ರ ತುಂಬಬೇಕು. ಎಡವುವುದು ಇಲ್ಲೇ. ಕೌಂಟರ್‌ನಲ್ಲಿ ‘ಆಧಾರ್ ಲಿಂಕ್ ಆಗಿದೆ’ ಅಂದರೆ ಅದು ಕೆವೈಸಿಗೆ ಆಧಾರ್ ಸೇರಿಸಿದ್ದು ಅಷ್ಟೇ, ಡಿಬಿಟಿಗೆ ಜೋಡಿಸಿದ್ದು ಅಲ್ಲ. ಪತ್ರದಲ್ಲಿ ‘ಬೇರೆ ಬ್ಯಾಂಕಿನಿಂದ ವರ್ಗಾವಣೆ’ ಅನ್ನೋ ಜಾಗಕ್ಕೆ ಗುರುತು ಹಾಕಿ ಹಳೆಯ ಬ್ಯಾಂಕಿನ ಹೆಸರು ಬರೆಯಬೇಕು. ಅದು ಖಾಲಿ ಇದ್ದರೆ ಹಳೆಯ ಜೋಡಣೆ ಅಲುಗಾಡದೆ ಉಳಿಯಬಹುದು. ಕೊಟ್ಟು ಒಂದು ವಾರ ಬಿಟ್ಟು ಯುಐಡಿಎಐ ಪುಟದಲ್ಲಿ ಮತ್ತೆ ನೋಡಿ, ಬ್ಯಾಂಕಿನವರ ಮಾತಿಗಿಂತ ಆ ಪುಟವನ್ನು ನಂಬಿ.

ಹಣ ಸಾಲದ ಖಾತೆಗೆ ಮುರಿದುಕೊಂಡಿದ್ದರೆ ಸುಮ್ಮನಿರಬೇಡಿ. 2024ರಲ್ಲಿ ಬರ ಪರಿಹಾರ ಬಂದಾಗಲೂ ಇದೇ ಗಲಾಟೆ ಆಗಿ, ಪರಿಹಾರದ ಹಣವನ್ನು ಸಾಲಕ್ಕೆ ಜಮಾ ಮಾಡಿಕೊಳ್ಳಬಾರದು ಅಂತ ಬ್ಯಾಂಕುಗಳಿಗೆ ಸೂಚನೆ ಹೋಗಿತ್ತು. ಶಾಖೆಯ ವ್ಯವಸ್ಥಾಪಕರಿಗೆ ಲಿಖಿತ ಮನವಿ, ಪ್ರತಿ ಜಿಲ್ಲಾ ಲೀಡ್ ಬ್ಯಾಂಕ್ ವ್ಯವಸ್ಥಾಪಕರಿಗೆ. ಬಾಯಿಮಾತಿನಲ್ಲಿ ಕೇಳಿದರೆ ‘ಸಿಸ್ಟಮ್ ತಾನೇ ಮುರಿದುಕೊಂಡಿದೆ’ ಅನ್ನೋ ಉತ್ತರ ಬರುತ್ತದೆ.

ಎರೆಹೊಲ

ಕಲಂ ಹನ್ನೆರಡು ಸರ್, ಕೌಂಟರ್ ಸರ್, ನೋಡಿದೆ. ಬೆಳೆ ದರ್ಶಕದಲ್ಲಿ ಹತ್ತಿ 3-20 ಸರಿ ಇದೆ, ನೀರಿನ ಮೂಲ ‘ಮಳೆಯಾಶ್ರಿತ’ ಅಂತಿದೆ. ಫೋಟೋದಲ್ಲಿ ಹತ್ತಿ ಸಾಲು ಮಾತ್ರ, ಬೋರ್ ಇರುವ ಮೂಲೆ ಬಂದೇ ಇಲ್ಲ. ಪಕ್ಕದವರಿಗೆ ಒಂದೇ ಸಲ 24,079 ಜಮಾ ಆಗಿದೆ, ಅವರದು ‘ಕೊಳವೆಬಾವಿ’ ಅಂತಿದೆ. ಅವ್ವನ ಆಧಾರ್ ಒಂದು ಪೇಮೆಂಟ್ಸ್ ಬ್ಯಾಂಕ್‌ಗೆ ಹೋಗಿ ಕೂತಿದೆ, ಸಿಮ್ ತಗೊಂಡ ತಿಂಗಳದೇ ದಿನಾಂಕ.

ಈಗ ನೀರಿನ ಮೂಲ ತಿದ್ದಿಸಲು ಆಗುತ್ತದೆಯೇ?

ಕಲಂ ಹನ್ನೆರಡು

ಸಮೀಕ್ಷೆಯ ಗಡುವಿನೊಳಗೆ ಆಗಿದ್ದರೆ ಅದೇ ಆ್ಯಪ್‌ನಲ್ಲಿ ಆಕ್ಷೇಪಣೆ ಹಾಕಿದರೆ ಸಾಕಿತ್ತು. ಗಡುವು ಮುಗಿದ ಮೇಲೆ ಆ ಕಿಂಡಿ ಮುಚ್ಚಿಬಿಡುತ್ತದೆ, ಇನ್ನು ಕಾಗದದ ದಾರಿಯೊಂದೇ. ತಹಶೀಲ್ದಾರರಿಗೆ ಅರ್ಜಿ, ಪ್ರತಿ ಸಹಾಯಕ ಕೃಷಿ ನಿರ್ದೇಶಕರಿಗೆ. ಸಮೀಕ್ಷೆ ಕೃಷಿ ಇಲಾಖೆಯ ಮಾಹಿತಿ, ಪರಿಹಾರದ ಒಪ್ಪಿಗೆ ಕಂದಾಯದ್ದು. ಒಬ್ಬರಿಗೇ ಕೊಟ್ಟರೆ ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ, ನೀವು ಈಗಾಗಲೇ ಅನುಭವಿಸಿದ್ದೀರಿ.

ಅರ್ಜಿ ಅರ್ಧ ಪುಟ ಸಾಕು. ಗ್ರಾಮ, ಸರ್ವೆ ನಂಬರ್ ಹಿಸ್ಸಾ ಸಮೇತ, ವಿಸ್ತೀರ್ಣ, ಎಫ್‌ಐಡಿ, ಬಂದ ಮೊತ್ತ ಮತ್ತು ದಿನಾಂಕ, ಬರಬೇಕಿದ್ದ ಮೊತ್ತ. ನಿಮ್ಮದಕ್ಕೆ ಮೂಲ 24,079, ಬಂದದ್ದು 12,039, ವ್ಯತ್ಯಾಸ 12,040 ಅಂತ ಅಂಕಿಯಲ್ಲೇ ಬರೆಯಿರಿ. ಜೊತೆಗೆ ಬೋರ್ ಇರುವುದಕ್ಕೆ ದಾಖಲೆ: ಪಂಪ್‌ಸೆಟ್‌ನ ಆರ್‌ಆರ್ ನಂಬರ್ ಇರುವ ಜೆಸ್ಕಾಂ ಕಾಗದ, ಹಿಂದಿನ ಒಂದೆರಡು ಹಂಗಾಮಿನ ಸಮೀಕ್ಷೆಯಲ್ಲಿ ಅದೇ ಸರ್ವೆ ನಂಬರ್‌ಗೆ ‘ಕೊಳವೆಬಾವಿ’ ಅಂತಿದ್ದರೆ ಆ ಪರದೆಯ ಮುದ್ರಣ. ನನ್ನ ಲೆಕ್ಕದಲ್ಲಿ ಈ ಎರಡನೆಯದೇ ಬಲವಾದದ್ದು. ಹೋದ ವರ್ಷ ಇದ್ದ ಬೋರ್ ಈ ವರ್ಷ ಮಾಯವಾಗಲು ಸಾಧ್ಯವಿಲ್ಲ ಅನ್ನೋದನ್ನು ಅವರದೇ ದಾಖಲೆ ಹೇಳುತ್ತದೆ. ಗ್ರಾಮ ಆಡಳಿತ ಅಧಿಕಾರಿ ಸ್ಥಳಕ್ಕೆ ಬಂದು ಪಂಚನಾಮೆ ಮಾಡಿದರೆ ಒಂದು ಪ್ರತಿ ಕೇಳಿ ಪಡೆಯಿರಿ.

ಟಪಾಲು ವಿಭಾಗದಲ್ಲೇ ಕೊಟ್ಟು ಆವಕ ಸಂಖ್ಯೆ, ಸೀಲು ಹಾಕಿಸಿಕೊಂಡು ಬನ್ನಿ. ಕೇಸ್‌ವರ್ಕರ್ ಮೇಜಿನ ಮೇಲೆ ಇಟ್ಟು ಬಂದ ಅರ್ಜಿಗೆ ತಂದೆ ತಾಯಿ ಇರುವುದಿಲ್ಲ. ತಿಂಗಳಾದರೂ ಕದಲದಿದ್ದರೆ 1902ಕ್ಕೆ ಫೋನ್ ಮಾಡಿ ಆವಕ ಸಂಖ್ಯೆ ಕೊಟ್ಟು ಜನಸ್ಪಂದನದಲ್ಲಿ ದೂರು ದಾಖಲಿಸಿ.

ತುಂಗಭದ್ರಾ ಎಡದಂಡೆ ನಾಲೆಯ ಕೆಳಭಾಗದವರಿಗೂ ಇದೇ ಜಾತಿಯ ತೊಂದರೆ. ಅಚ್ಚುಕಟ್ಟಿನ ಹೊರಗಿದ್ದು ಪೈಪ್ ಹಾಕಿ ನೀರು ತಗೊಂಡವರದು ಸಮೀಕ್ಷೆಯಲ್ಲಿ ‘ಕಾಲುವೆ’ ಅಂತ ಬಂದರೂ ಪರಿಶೀಲನೆಯಲ್ಲಿ ತಕರಾರಿಗೆ ಸಿಗಬಹುದು. ಅಚ್ಚುಕಟ್ಟಿನ ಒಳಗಿದ್ದೂ ನೀರು ಮುಟ್ಟದ ಹೊಲದವರದು ಇನ್ನೊಂದು ಗೋಳು. ಅದು ಬೇರೆ ಚರ್ಚೆ, ಇಲ್ಲಿ ಬೇಡ.

ಕುಷ್ಟಗಿ ಕಣ

ಎರಡನೆಯದು, ತಾತನ ಹೆಸರಿನ ತೊಗರಿ ಹೊಲ. ಇದು ಬ್ಯಾಂಕಿನದೂ ಅಲ್ಲ, ಸಮೀಕ್ಷೆಯದೂ ಅಲ್ಲ, ಪಹಣಿಯಲ್ಲಿ ಮಾಲೀಕರ ಹೆಸರು ಬರುವ ಕಲಂ 9ರದು. ಅಲ್ಲಿ ಹೆಸರಿರುವವರ ಆಧಾರ್‌ಗೆ ಹಣ ಹೋಗಬೇಕು, ಅವರು ಇಲ್ಲ. ತೀರಿಕೊಂಡವರ ಹೆಸರಿನ ಜಮೀನನ್ನು ಎಫ್‌ಐಡಿಗೆ ಸೇರಿಸಲು ಬರುವುದಿಲ್ಲ. ಎಫ್‌ಐಡಿಯಲ್ಲಿ ಸೇರದ ಸರ್ವೆ ನಂಬರ್‌ಗೆ ಪರಿಹಾರದ ತಂತ್ರಾಂಶದಲ್ಲಿ ಫಲಾನುಭವಿಯೇ ಸಿಗುವುದಿಲ್ಲ.

ಹೊಲದಲ್ಲಿ ತೊಗರಿ ಇತ್ತು, ಸಮೀಕ್ಷೆ ಆಯಿತು, ಜಂಟಿ ತಂಡ ಬಂದು ಹಾನಿಯನ್ನೂ ಬರೆದುಕೊಂಡು ಹೋಯಿತು, ಆದರೂ ಹಣ ಇಲ್ಲ ಅಂತ ಕೇಳುವವರಲ್ಲಿ ದೊಡ್ಡ ಪಾಲು ಇಂಥವರದೇ.

ಮಾಡಬೇಕಾದದ್ದು ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ತಾತನ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಎಲ್ಲ ವಾರಸುದಾರರ ಆಧಾರ್. ವಂಶವೃಕ್ಷದಲ್ಲಿ ಗಂಡುಮಕ್ಕಳನ್ನು ಮಾತ್ರ ಬರೆಸಿ ಅತ್ತೆಯಂದಿರ ಹೆಸರು ಬಿಡುವ ಅಭ್ಯಾಸ ನಮ್ಮ ಕಡೆ ಇನ್ನೂ ಇದೆ. ಹಾಗೆ ಮಾಡಿದರೆ ನೋಟಿಸ್ ಅವಧಿಯಲ್ಲಿ ಒಂದೇ ಒಂದು ಆಕ್ಷೇಪಣೆ ಬಂದರೂ ಪ್ರಕರಣ ತಕರಾರಿಗೆ ಬಿದ್ದು ಕೂರುತ್ತದೆ. ನೀವು ಅಪ್ಪ, ಇಬ್ಬರು ಕಾಕಾ ಅಂತಷ್ಟೇ ಬರೆದಿದ್ದೀರಿ, ಅತ್ತೆಯಂದಿರು ಇದ್ದರೆ ಈಗಲೇ ಸೇರಿಸಿ. ಪೌತಿಯಾದ ಮೇಲೆ ಹೆಸರುಗಳು ಜಂಟಿಯಾಗಿ ಬರುತ್ತವೆ. ಅಲ್ಲಿಗೇ ನಿಲ್ಲಿಸಬೇಡಿ, ಪ್ರತಿಯೊಬ್ಬರೂ ತಮ್ಮ ತಮ್ಮ ಎಫ್‌ಐಡಿಗೆ ಈ ಸರ್ವೆ ನಂಬರ್ ಸೇರಿಸಬೇಕು. ರೈತ ಸಂಪರ್ಕ ಕೇಂದ್ರದಲ್ಲಿ ಪಹಣಿ, ಆಧಾರ್ ಕೊಟ್ಟರೆ ಸೇರಿಸುತ್ತಾರೆ. ಪಿಎಂ ಕಿಸಾನ್‌ಗೆ ಅಂತ ಯಾವತ್ತೋ ಎಫ್‌ಐಡಿ ಮಾಡಿಸಿದವರದು ಎಷ್ಟೋ ಸಲ ಒಂದೇ ಸರ್ವೆ ನಂಬರ್‌ನದು ಇರುತ್ತದೆ. ನಿಮ್ಮ ಅಪ್ಪನ ಎಫ್‌ಐಡಿಯಲ್ಲೂ ಎಷ್ಟು ಹೊಲ ಸೇರಿದೆ ಅಂತ ಒಮ್ಮೆ ಮುದ್ರಣ ತೆಗೆಸಿ ನೋಡಿ.

ಈ ವರ್ಷದ ಹಣಕ್ಕೆ ಒಂದು ಪ್ರಯತ್ನ ಮಾಡಬಹುದು. ಜಂಟಿ ಪಹಣಿ ಇದ್ದಲ್ಲಿ ಉಳಿದವರು ‘ಇವರ ಖಾತೆಗೆ ಜಮಾ ಮಾಡಲು ನಮ್ಮ ತಕರಾರಿಲ್ಲ’ ಅಂತ ಒಪ್ಪಿಗೆ ಪತ್ರ ಕೊಟ್ಟರೆ ಒಬ್ಬರ ಹೆಸರಿಗೆ ದಾಖಲಿಸುವ ರೂಢಿ ಇದೆ. ಪೌತಿ ಬೇಗ ಆಗಿ, ತಾಲೂಕಿನಲ್ಲಿ ಬಿಟ್ಟುಹೋದವರ ಪಟ್ಟಿ ಇನ್ನೂ ತೆರೆದಿದ್ದರೆ ಸೇರಬಹುದು. ಪಟ್ಟಿ ಮುಚ್ಚಿದ್ದರೆ ಈ ಸಲದ್ದು ಹೋಯಿತು ಅಂತಲೇ ತಿಳಿಯಿರಿ. ಪೌತಿ ಮಾತ್ರ ಮಾಡಿಸಿ, ಮುಂದಿನ ಮಳೆ ಯಾರ ಮಾತೂ ಕೇಳುವುದಿಲ್ಲ.

2 ಎಕರೆ 30 ಗುಂಟೆಗೆ ಮಳೆಯಾಶ್ರಿತ ಮೂಲ ದರದಲ್ಲಿ ಬರುವುದು ಸುಮಾರು 9,459 ರೂಪಾಯಿ, ಹೆಚ್ಚುವರಿ ಸೇರಿದರೆ ಅದರ ಎರಡರಷ್ಟು. ಮೂವರಿಗೆ ಹಂಚಿಕೊಂಡರೆ ಎಷ್ಟು ಅಂತ ಮೊದಲೇ ಮಾತಾಡಿಕೊಂಡರೆ ಒಪ್ಪಿಗೆ ಪತ್ರಕ್ಕೆ ಸಹಿ ಸುಲಭ.

ಎಡದಂಡೆ ಕೊನೆಭಾಗ

ಲಾವಣಿ ಭತ್ತದ ಮಾತು ನಾ ಹೇಳ್ತೀನ್ರಿ. ಕಹಿ ಅನಸ್ತದ, ಆದ್ರ ಇದ್ದದ್ದು ಇದ್ದಂಗ ಹೇಳೋದು ಚಲೋ.

ಸರ್ಕಾರದ ಪರಿಹಾರ ಪಹಣ್ಯಾಗ ಹೆಸರು ಇದ್ದವರಿಗೇ ಹೋಗತದ. ಕಾಗದದ ಮ್ಯಾಲ ಸಾಗುವಳಿದಾರರ ಹೆಸರಿಗೆ ಕಲಂ 12 ಅದ, ಖರೆ. ಆದ್ರ 1974ರ ಭೂಸುಧಾರಣಾ ತಿದ್ದುಪಡಿ ಬಂದ ಮ್ಯಾಲ ಕರ್ನಾಟಕದಾಗ ಸೈನಿಕರು, ನಾವಿಕರು ಇಂಥವರನ್ನ ಬಿಟ್ಟು ಜಮೀನು ಗೇಣಿಗೆ ಕೊಡೋದಕ್ಕೇ ಕಾನೂನಿನ ಒಪ್ಪಿಗೆ ಇಲ್ಲ. ಹಂಗಾಗಿ ಯಾವ ಮಾಲಕರೂ ಲಾವಣಿದಾರರ ಹೆಸರು ಅಲ್ಲಿ ಬರಿಸಂಗಿಲ್ಲ. ಸಿಂಧನೂರು, ಗಂಗಾವತಿ, ಕಾರಟಗಿ, ಸಿರುಗುಪ್ಪ, ಎಲ್ಲಾ ಕಡೆ ನೀರಾವರಿ ಹೊಲ ಅರ್ಧಕ್ಕರ್ಧ ಮಾತಿನ ಮ್ಯಾಲ ನಡೀತಾವ. ತಹಶೀಲ್ದಾರರಿಗೆ ಅರ್ಜಿ ಕೊಟ್ಟು ‘ಬೆಳೆದವ ನಾ, ನನಗ ಕೊಡ್ರಿ’ ಅಂದ್ರ ನಡೆಯಂಗಿಲ್ಲ. ಮಾಲಕರ ಕೂಡ ಕೂತು ಮಾತಾಡೋದೊಂದೇ ದಾರಿ.

ಮಾತಾಡೋವಾಗ ಲೆಕ್ಕ ಇಟಗೊಂಡು ಮಾತಾಡ್ರಿ. 4 ಎಕರೆ ನೀರಾವರಿಗೆ ಮೂಲ ಹಣ 27,519 ರೂಪಾಯಿ. ಹೆಚ್ಚುವರಿದು ಇನ್ನ 13,759. ಮಾಲಕರಿಗೆ ಬ್ಯಾರೆ ಹೊಲಾನೂ ಇದ್ರ 2 ಹೆಕ್ಟೇರ್ ಮಿತಿ ಅಡ್ಡ ಬರತದ. 2 ಹೆಕ್ಟೇರ್ ಅಂದ್ರ 4 ಎಕರೆ 37 ಗುಂಟೆ ಮ್ಯಾಲ ಚೂರು. ಅವರ 12 ಎಕರೆ ಹಾಳಾಗಿದ್ರೂ ಹಣ ಬರೋದು ಅಷ್ಟಕ್ಕೇ, ಅದನ್ನ ಮೂರು ಮಂದಿ ಲಾವಣಿದಾರರು ಹಂಚಿಕೋಬೇಕಾಗತದ. ಇದು ತಿಳೀದ ‘27,000 ನುಂಗ್ಯಾರ’ ಅಂತ ಊರಾಗ ಜಗಳ ಆಗತಾವ.

ಇನ್ನ ಮುಂದಿನ ಹಂಗಾಮಿಗೆ ಮಾತಾಡೋವಾಗ ಲಾವಣಿ ಎಕರೆಗೆ 75 ಕೆಜಿ ಚೀಲ ಎಷ್ಟು ಅನ್ನೋದರ ಜೊತಿಗೇ, ಪರಿಹಾರ ಬಂದ್ರ ಯಾರಿಗೆ, ಬೆಳಿ ಹೋದ್ರ ಚೀಲದಾಗ ಎಷ್ಟು ಸೋಡಿ (ಕಡಿತ) ಅನ್ನೋದನ್ನೂ ಇಬ್ಬರು ಹಿರಿಯರ ಮುಂದ ಬರದಿಟ್ಟುಕೊಳ್ರಿ. ಕೋರ್ಟಿಗೆ ಆ ಚೀಟಿ ನಿಲ್ಲಂಗಿಲ್ಲ, ಮಾಲಕರ ಮನಿ ಕಟ್ಟಿ ಮ್ಯಾಲ ನಿಲ್ಲತದ.

ವಿಮೆ ಮಾತ್ರ ಲಾವಣಿದಾರರೂ ಮಾಡಿಸಬಹುದು. ಫಸಲ್ ಬಿಮಾ ನಿಯಮದಾಗ ಗೇಣಿದಾರರು, ಪಾಲುದಾರರು ಇಬ್ಬರೂ ಬರ್ತಾರ, ಮಾಲಕರ ಒಪ್ಪಿಗೆ ಪತ್ರ ಕೇಳ್ತಾರ. ಮುಂಗಾರು ಆಹಾರ ಬೆಳಿಗೆ ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5, ಹತ್ತಿಯಂಥ ವಾಣಿಜ್ಯ ಬೆಳಿಗೆ ಶೇ 5. ಮಾಲಕರು ಅದೇ ಸರ್ವೆ ನಂಬರಿಗೆ ಸಾಲದ ಜೊತಿ ಮೊದಲೇ ವಿಮೆ ಮಾಡಿಸಿದ್ರ ನಿಮ್ಮದು ತಿರಸ್ಕಾರ ಆಗತದ, ಮೊದಲೇ ಕೇಳಿಕೊಳ್ರಿ.

ಎರೆಹೊಲ

ಅಣ್ಣಾರೆ, ಆ ಭತ್ತಕ್ಕೆ ವಿಮೆ ಇತ್ತು ಅಂತ ಇಟ್ಟುಕೊಳ್ಳೋಣ. ಮಲಗಿದ ಭತ್ತಕ್ಕೆ 72 ಗಂಟೆಯೊಳಗೆ ದೂರು ಕೊಟ್ಟಿದ್ದರೆ ಬರುತ್ತಿತ್ತೇ?

ಎಡದಂಡೆ ಕೊನೆಭಾಗ

ಇಲ್ರಿ. 72 ತಾಸಿನ ದೂರು ನಡೆಯೋದು ಆಲಿಕಲ್ಲು, ಭೂಕುಸಿತ, ಮೇಘಸ್ಫೋಟ, ಸಿಡಿಲಿನ ಬೆಂಕಿ, ಜಲಾವೃತ ಇಂಥವಕ್ಕ. ಅದರಾಗ ಜಲಾವೃತ ಅನ್ನೋದನ್ನ ಭತ್ತಕ್ಕ 2018ರಾಗ ತಗದುಹಾಕಿದ್ರು, ಭತ್ತ ನೀರಾಗೇ ಬೆಳೆಯೋ ಬೆಳಿ ಅಂತ. ನಮ್ಮ ನಾಲ್ಕೂ ತಾಲೂಕಿನ ದೊಡ್ಡ ಬೆಳಿಗೇ ಆ ಬಾಗಿಲ ಮುಚ್ಚಿತ್ತು. 2026ರ ಮುಂಗಾರಿನಿಂದ ಭತ್ತದ ಜಲಾವೃತ ಮತ್ತ ಸೇರಸ್ತೀವಿ, ಕಾಡುಪ್ರಾಣಿ ಹಾವಳೀನೂ ಸೇರಸ್ತೀವಿ ಅಂತ ಕೇಂದ್ರ 2025ರ ನವೆಂಬರ್‌ನಾಗ ಹೇಳ್ಯದ. ನಮ್ಮ ರಾಜ್ಯದ ಅಧಿಸೂಚನ್ಯಾಗ ಹೆಂಗ ಬರತದ ಅನ್ನೋದನ್ನ ನೋಂದಣಿ ಮಾಡೋ ಮೊದಲು ಓದಕೊಳ್ರಿ.

ಇನ್ನೊಂದು ಕೊಯ್ಲೋತ್ತರ ನಷ್ಟ. ಕೊಯ್ದು ಹೊಲದಾಗ ಒಣಗಾಕ ಹರವಿದ ಬೆಳಿಗೆ 14 ದಿನದ ತನಕ ಅಕಾಲಿಕ ಮಳಿ, ಆಲಿಕಲ್ಲು ಹೊಡದ್ರ ಅದು. ನಿಮ್ಮದು ನಿಂತಲ್ಲೇ ಮಲಗಿದ ಬೆಳಿ, ಕೊಯ್ದಿಲ್ಲ, ಅದಕ್ಕ ಬರಂಗಿಲ್ಲ. ಮಷೀನಿಲೆ ಕೊಯ್ಸಿ ರಸ್ತಿ ಮ್ಯಾಲ ರಾಶಿ ಹಾಕಿದ ಭತ್ತ ತೊಯ್ದ್ರೂ ಬರಂಗಿಲ್ಲ, ಅದು ಹೊಲದಾಗ ಹರವಿದ ಬೆಳಿ ಅಲ್ಲ. ಈಗ ಕೈಲೆ ಕೊಯ್ಯೋರು ಯಾರ ಅದಾರ? ಹಂಗಾಗಿ ಆ ಕಲಂ ನಮ್ಮ ಭತ್ತಕ್ಕ ಹೆಸರಿಗಷ್ಟೇ.

ಉಳಿದದ್ದು ಇಳುವರಿ ಲೆಕ್ಕ. ಗ್ರಾಮ ಪಂಚಾಯತಿ ಘಟಕದಾಗ ಬೆಳೆ ಕಟಾವು ಪ್ರಯೋಗ ಮಾಡ್ತಾರ. ಹಿಂದಿನ 7 ವರ್ಷದಾಗ ಚಲೋ 5 ವರ್ಷದ ಸರಾಸರಿ ಹಿಡದು ಮಿತಿ ಇಳುವರಿ ತಗೀತಾರ. ಮಿತಿ ಎಕರೆಗೆ 20 ಕ್ವಿಂಟಲ್ ಇದ್ದು, ಈ ಸಲ ಪಂಚಾಯತಿ ಸರಾಸರಿ 15 ಬಂದ್ರ ಕೊರತಿ ಶೇ 25. ವಿಮಾ ಮೊತ್ತದ ಶೇ 25 ಎಲ್ಲರಿಗೂ. ನಿಮ್ಮ ಹೊಲದಾಗ ಒಂದ ಕಾಳೂ ಬರದಿದ್ರೂ ಅಷ್ಟೇ, 30 ಕ್ವಿಂಟಲ್ ಬಂದವರಿಗೂ ಅಷ್ಟೇ. ಅದಕ್ಕ ಕಟಾವು ಪ್ರಯೋಗದ ದಿನ ಊರವರು ನಾಲ್ಕು ಮಂದಿ ಅಲ್ಲಿ ನಿಂತಿರಬೇಕ್ರಿ. ಯಾವ ಸರ್ವೆ ನಂಬರ್ ಆರಿಸ್ಯಾರ, ಮೂಲಿ ಗೂಟ ಎಲ್ಲಿ ಹೊಡದ್ರು, ತೂಕದಾಗ ಹಸಿ ಕಾಳೋ ಒಣ ಕಾಳೋ ನೋಡಬೇಕು.

ಕಲಂ ಹನ್ನೆರಡು

ಒಂದು ಸೇರಿಸುತ್ತೇನೆ. ವಿಮೆ ಬಂದವರಿಗೆ ಸರ್ಕಾರದ ಪರಿಹಾರ ಇಲ್ಲ ಅಂತ ಕೆಲವು ಊರಲ್ಲಿ ಹೇಳುತ್ತಿದ್ದಾರೆ. ಎರಡೂ ಬೇರೆ. ಒಂದು ವಿಪತ್ತು ನಿಧಿಯ ಸಹಾಯಧನ, ಇನ್ನೊಂದು ನೀವು ಕಂತು ಕಟ್ಟಿ ಪಡೆದ ವಿಮೆ. ಎರಡನ್ನೂ ಪಡೆಯಬಹುದು. ಹಾಗೆಯೇ ದೊಡ್ಡ ರೈತರಿಗೆ ಪರಿಹಾರ ಇಲ್ಲ ಅನ್ನೋದೂ ತಪ್ಪು. ಬೆಳೆ ನಷ್ಟಕ್ಕೆ ಅವರಿಗೂ ಇದೆ, 2 ಹೆಕ್ಟೇರ್‌ವರೆಗೆ.

ಕೃಷ್ಣಾ ದಂಡೆ

ಈ ಚರ್ಚೆಯಲ್ಲೇ ಕೇಳಿಬಿಡುತ್ತೇನೆ. ಲಿಂಗಸೂಗೂರು ಕಡೆ, ನದಿ ದಂಡೆಯ ಒಂದೂವರೆ ಎಕರೆ ಹೊಲಕ್ಕೆ ಪ್ರವಾಹದ ಮರಳು ಬಂದು ಕೂತಿದೆ. ಬೆಳೆಯದ್ದು ಬಂತು. ಮರಳು ತೆಗೆಸಲು ಬೇರೆ ಏನಾದರೂ ಇದೆಯೇ?

ಕಲಂ ಹನ್ನೆರಡು

ಇದೆ. ಅದೇ ಮಾರ್ಗಸೂಚಿಯಲ್ಲಿ, ಜಮೀನಿನ ಮೇಲೆ 3 ಅಂಗುಲಕ್ಕಿಂತ ದಪ್ಪ ಮರಳು, ಹೂಳು ಕೂತಿದ್ದರೆ ಹೆಕ್ಟೇರಿಗೆ 18,000 ರೂಪಾಯಿ. ನದಿ ಪಾತ್ರ ಬದಲಾಗಿ ಹೊಲವೇ ಕೊಚ್ಚಿಹೋಗಿದ್ದರೆ 47,000. ಇವೆರಡು ಸಣ್ಣ, ಅತಿಸಣ್ಣ ರೈತರಿಗೆ ಮಾತ್ರ, ಜಮೀನು ಕಂದಾಯ ದಾಖಲೆಯಲ್ಲಿ ಅವರ ಹೆಸರಲ್ಲೇ ಇರಬೇಕು, ಬೇರೆ ಯೋಜನೆಯಲ್ಲಿ ಅದೇ ಕೆಲಸಕ್ಕೆ ನೆರವು ಪಡೆದಿರಬಾರದು. ನಿಮ್ಮ ಒಂದೂವರೆ ಎಕರೆಗೆ ಸುಮಾರು 10,927 ಆಗುತ್ತದೆ. ಜೆಸಿಬಿ ಬಾಡಿಗೆಗೆ ಸಾಲುವುದಿಲ್ಲ, ಆದರೂ ಬಿಡಬೇಡಿ.

ಅಳತೆ ಆಗುವ ಮೊದಲು ಮರಳು ಮುಟ್ಟಬೇಡಿ. ಹೊಲದ ನಾಲ್ಕೈದು ಕಡೆ ಹಳೆ ಮಣ್ಣು ಕಾಣುವವರೆಗೆ ಗುಂಡಿ ತೋಡಿ, ಪಕ್ಕದಲ್ಲಿ ಅಳತೆ ಪಟ್ಟಿ ನಿಲ್ಲಿಸಿ, ಹಿಂದೆ ಗುರುತು ಸಿಗುವ ಮರವೋ ಕಂಬವೋ ಬರುವಂತೆ ಫೋಟೋ ತೆಗೆಯಿರಿ. ಗ್ರಾಮ ಆಡಳಿತ ಅಧಿಕಾರಿ ಬಂದಾಗ ಅವೇ ಗುಂಡಿಗಳನ್ನು ತೋರಿಸಿ, ದಪ್ಪವನ್ನು ಪಂಚನಾಮೆಯಲ್ಲಿ ಅಂಗುಲದಲ್ಲಿ ಬರೆಸಿ. ‘ಮರಳು ತುಂಬಿದೆ’ ಅಂತಷ್ಟೇ ಬರೆದ ಪಂಚನಾಮೆ ತಾಲೂಕಿನಿಂದ ವಾಪಸ್ ಬರುತ್ತದೆ.

ಎರೆಹೊಲ

ಎಲ್ಲರಿಗೂ ಧನ್ಯವಾದ. ನೀರಿನ ಮೂಲದ ಅರ್ಜಿ ಆವಕ ಸಂಖ್ಯೆ ಸಮೇತ ಕೊಟ್ಟಾಯಿತು, 2024ರ ಸಮೀಕ್ಷೆಯಲ್ಲಿ ‘ಕೊಳವೆಬಾವಿ’ ಅಂತಲೇ ಇದೆ, ಅದರ ಮುದ್ರಣ ಲಗತ್ತಿಸಿದೆ. ಅವ್ವನ 3,440 ಆ ಪೇಮೆಂಟ್ಸ್ ಬ್ಯಾಂಕ್ ಖಾತೆಯಲ್ಲೇ ಸಿಕ್ಕಿತು. ವಂಶವೃಕ್ಷಕ್ಕೆ ಇಬ್ಬರು ಅತ್ತೆಯಂದಿರ ಆಧಾರ್ ತರಿಸುತ್ತಿದ್ದೇವೆ. ಲಾವಣಿ ಮಾಲೀಕರ ಹೊಲ ಒಟ್ಟು 9 ಎಕರೆ ಅಂತ ಈಗ ಗೊತ್ತಾಯಿತು, ಹಾಗಾದರೆ ನಮ್ಮ 4 ಎಕರೆಯ ಪಾಲು ಹೇಗೆ ಹಿಡಿಯಬೇಕು?

ಎಡದಂಡೆ ಕೊನೆಭಾಗ

ಒಂಬತ್ತೂ ಎಕರೆ ನೀರಾವರಿ ಭತ್ತ, ಎಲ್ಲಾ ಹಾಳಾಗಿದ್ರ ಅವರಿಗೆ ಮೂಲ ಹಣ 2 ಹೆಕ್ಟೇರಿಗೆ 34,000. ಅದರಾಗ ಒಂಬತ್ತರಾಗ ನಾಕು ಪಾಲು ನಿಮ್ಮದು, 15,111. ಹೆಚ್ಚುವರಿ 17,000ದಾಗ 7,555. ಆದ್ರ ಪರಿಹಾರ ಪುಟದಾಗ ಯಾವ ಸರ್ವೆ ನಂಬರಿಗೆ ಎಷ್ಟು ಹಾಕ್ಯಾರ ಅನ್ನೋದನ್ನ ಮೊದಲು ತಗದು ನೋಡ್ರಿ, ಮಾತು ಅಲ್ಲಿಂದ ಶುರು ಮಾಡ್ರಿ.